ಸುಭಾಷಿಣಿ ಟೀಚರ ಕಾರಿನ ‘ಟಕ್’

ಕಾರು ಗುಜರಿಗೆ ಹೋಗಬೇಕೋ ಬೇಡವೋ ಎಂಬುದನ್ನು ಗಂಡಂದಿರೇ ತೀರ್ಮಾನಿಸುವುದಾದರೆ ಹೆಂಗಸರು ಡ್ರೈವಿಂಗ್ ಕಲಿಯುವುದಾದರೂ ಯಾಕೆ? ಕಾಪುವಿನ ಸುಭಾಷಿಣಿ ಟೀಚರು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಕೇಳಿದ ಪ್ರಶ್ನೆ ಇದು. ಎದುರಿಗಿದ್ದ ಪತಿ ಅನಂತಪದ್ಮನಾಭ ರಾಯರು ಉತ್ತರ ಕೊಡಲಿಲ್ಲ. (ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಅವರು ಕರತಲಾಮಲಕ ಮಾಡಿಕೊಂಡ ವಿದ್ಯೆ ಅದೊಂದೇ.) ಅವರು ಮಣಿಪಾಲದ ಶೋರೂಮಿನಲ್ಲಿ ಹೊಸ ಕಾರು ನೋಡಿ ಬಂದಾಗಿತ್ತು. ಹಳೆಯದನ್ನು ಎಳೆದುಕೊಂಡು ಹೋಗಲು ಸೋಮವಾರ ಜನ ಬರುವುದೂ ನಿಶ್ಚಯವಾಗಿತ್ತು.

ಹಳೆಯದಕ್ಕೆ ಇಪ್ಪತ್ತಾರು ವರ್ಷ. ಟೀಚರು ಸ್ಟೇರಿಂಗ್ ಹಿಡಿಯಲು ಕಲಿತದ್ದು ಅದರಲ್ಲಿ, ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸಲು ನಿವೃತ್ತಿಯ ದಿನದವರೆಗೂ ಹೋಗಿಬಂದದ್ದು ಅದರಲ್ಲಿ. ಮರುದಿನ ಕಾರ್ಕಳದಲ್ಲಿ ತಂಗಿಯ ಮೊಮ್ಮಗಳ ನಾಮಕರಣ. “ಈ ಪ್ರಾಯದಲ್ಲಿ ನೀನೇ ಕಾರು ಬಿಡ್ಲಿಕ್ಕುಂಟಾ ಅಕ್ಕ? ಸುಮ್ಮನೆ ಬಸ್ಸಲ್ಲಿ ಬಾ” ಎಂದು ತಂಗಿ ಫೋನಿನಲ್ಲಿ ಹೇಳಿದ ಕ್ಷಣವೇ ಟೀಚರು ಭೀಷಣ ಪ್ರತಿಜ್ಞೆ ಕೈಗೊಂಡಿದ್ದರು: ಹೋದರೆ ಅದೇ ಕಾರಿನಲ್ಲಿ, ತಾನೇ ಸ್ಟೇರಿಂಗ್ ಹಿಡಿದು, ತಂಗಿಯ ಮನೆಯಂಗಳದಲ್ಲೇ ನಿಲ್ಲಿಸುವುದು.

ಆದರೆ ಕಾರು ಹೊರಡಬೇಕಲ್ಲ! ಟೀಚರ ಕಣ್ಣಿನ ಪೊರೆಯ ಆಪರೇಷನ್ ಆಗಿ, ಅದು ಮೂರು ವಾರ ನಿಂತಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ‘ಟಕ್’ ಎನ್ನುತ್ತಿತ್ತು, ಅಷ್ಟೇ. ರಾಯರು ಉಡುಪಿಯಿಂದ ಹೊಸ ಬ್ಯಾಟರಿ ತಂದು ಹಾಕಿಸಿದರು. ಅದೂ ‘ಟಕ್’ ಎಂದಿತು.

“ನೀವು ಪೈಪ್ ಹಿಡಿದು ಇಂಜಿನಿಗೆ ನೀರು ಬಿಟ್ಟದ್ದೇ ಕಾರಣ” ಎಂದರು ಟೀಚರು.

“ನಾನು ಬಿಟ್ಟದ್ದು ಟಯರಿಗೆ ಮಾರಾಯ್ತಿ.”

“ಟಯರು ಬಾನೆಟ್ಟಿನ ಒಳಗೆ ಉಂಟಾ?”

ರಾಯರು ಮತ್ತೆ ತಮ್ಮ ವಿದ್ಯೆಯ ಮೊರೆಹೋದರು. ಟೀಚರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದರು. ಕಾರು ನಿಂತಿದ್ದದ್ದು ತುಳಸಿಕಟ್ಟೆಯ ಎದುರು. ತುಳಸಿಪೂಜೆಗೆಂದು ಕಟ್ಟೆಗೆ ಗಿಳಿಹಸಿರು ಬಣ್ಣ ಬಳಿದದ್ದು ಟೀಚರೇ. ಉಳಿದ ಬಣ್ಣವನ್ನು ಹಾಳು ಮಾಡುವ ಜಾಯಮಾನ ಅವರದ್ದಲ್ಲ. ಗೇಟು, ಬಾವಿಯ ರಾಟೆ, ಕಾಯಿ ತುರಿಯುವ ಮಣೆಯ ಕಾಲು ಎಲ್ಲವೂ ಹಸಿರಾಗಿದ್ದವು. (ಬಣ್ಣ ಬಳಿದ ಆ ಎರಡು ದಿನ ರಾಯರು ಮನೆಯಲ್ಲಿ ಹೆಚ್ಚು ಹೊತ್ತು ಒಂದೇ ಕಡೆ ಕುಳಿತಿರಲಿಲ್ಲ.) ಕಡಲ ಗಾಳಿಗೆ ಕಬ್ಬಿಣ ಉಳಿಯಬೇಕಾದರೆ ಬಣ್ಣವೇ ಗತಿ ಎಂಬುದು ಟೀಚರ ಅಚಲ ಸಿದ್ಧಾಂತ.

ತಪಾಸಣೆ ಆರಂಭವಾಯಿತು. ರಾಯರು ಒಳಗೆ ಕುಳಿತು ಆಜ್ಞಾಪಾಲನೆ, ಟೀಚರು ಬಾನೆಟ್ಟಿನ ಎದುರು ಪರೀಕ್ಷಾಧಿಕಾರಿ. ಲೈಟು ಝಗಝಗ ಉರಿಯಿತು. ಹಾರ್ನು ಊರಿಗೆಲ್ಲ ಕೇಳಿಸಿತು. ವೈಪರು ಬಿಸಿಲಿನಲ್ಲಿ ಉತ್ಸಾಹದಿಂದ ಕೈಬೀಸಿತು. ಕೀ ತಿರುಗಿಸಿದರೆ ಮಾತ್ರ ‘ಟಕ್’.

ಹಾರ್ನಿನ ಸದ್ದಿಗೆ ಪಕ್ಕದ ಮನೆಯ ಮ್ಯಾಗ್ಡಲಿನ್ ಬಾಯಿ ಕಂಪೌಂಡಿನ ಮೇಲೆ ತಲೆ ತೋರಿಸಿದರು. “ಎಂತ ಟೀಚರೆ, ಮೆಕ್ಯಾನಿಕ್ಕನ್ನು ಕರೀಬಾರ್ದಾ?”

“ಎಂಟನೇ ಕ್ಲಾಸಿನ ಪಾಠಕ್ಕೆ ಮೆಕ್ಯಾನಿಕ್ ಯಾಕೆ ಬಾಯಿ? ರೀ, ಇನ್ನೊಮ್ಮೆ ತಿರುಗಿಸಿ. ಹಿಡ್ಕೊಳ್ಳಿ!”

‘ಟಕ್.’ ಟೀಚರು ಒಂದೊಂದೇ ವಯರು, ಕೇಬಲ್ಲು ಮುಟ್ಟುತ್ತ ಹೋದರು. ಕ್ಲಚ್ಚಿನ ಕೇಬಲ್ ಮುಟ್ಟಿದವರೇ “ಹಾ!” ಎಂದು ಕೈ ಹಿಂದಕ್ಕೆಳೆದುಕೊಂಡರು. ಬಿಸಿ ದೋಸೆಕಾವಲಿ ಮುಟ್ಟಿದ ಹಾಗಾಗಿತ್ತು. ಬೆರಳಿಗೆ ಉಫ್ ಎಂದು ಊದುತ್ತಿದ್ದ ಹಾಗೆಯೇ ಅವರ ಮುಖ ಅರಳಿತು.

“ಸಿಕ್ಕಿತು! ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರ್ಬೇಕು.”

“ಹೋದದ್ದು ಹೋಯ್ತು, ವಾಪಸ್ ಯಾಕೆ ಬರ್ಬೇಕು?” ರಾಯರು ಕಿಟಕಿಯಿಂದ ಕೇಳಿದರು.

“ಬಾರದಿದ್ರೆ ಸರ್ಕೀಟೇ ಇಲ್ಲ! ಕಾರಿನಲ್ಲಿ ವಾಪಸ್ ಬರುವ ದಾರಿ ಅಂದ್ರೆ ಕಾರಿನ ಬಾಡಿ. ಲೈಟು, ಹಾರ್ನು, ವೈಪರು ಎಲ್ಲ ಬಾಡಿಯಲ್ಲೇ ಉಂಟು, ಅದಕ್ಕೆ ಸರಿ ಇವೆ. ಇಂಜಿನು ಕೂತದ್ದು ರಬ್ಬರಿನ ಮೇಲೆ. ಅಲ್ಲಿಂದ ಬಾಡಿಗೆ ಬರುವ ದಾರಿ ಕಟ್ಟಾಗಿದೆ. ಪಾಪ, ಕರೆಂಟು ಕ್ಲಚ್ಚಿನ ಕೇಬಲ್ ಹಿಡ್ಕೊಂಡು ಮನೆಗೆ ಹೋಗ್ಲಿಕ್ಕೆ ನೋಡ್ತಾ ಉಂಟು. ಇದು ಅರ್ಥ್ ಫಾಲ್ಟ್!”

ಮ್ಯಾಗ್ಡಲಿನ್ ಬಾಯಿ ತಮ್ಮ ಜೀಪಿನ ಜಂಪ್ ಕೇಬಲ್ ತಂದುಕೊಟ್ಟರು. ಟೀಚರು ಅದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿದರು. ರಾಯರು ಕೀ ತಿರುಗಿಸಿದರು. ಕಾರು ಕೆಮ್ಮಿತು, ನಡುಗಿತು, ಎದ್ದು ಗರ್ಜಿಸಿತು!

ಟೀಚರಿಗೆ ಕಣ್ಣಲ್ಲಿ ನೀರೇ ಬಂತು. ಆನಂದಕ್ಕೆ ಅಷ್ಟು, ಹೊಗೆಗೆ ಇಷ್ಟು. ಇಂಥ ಕಾರನ್ನು ಗುಜರಿಗೆ ಹಾಕಲು ಹೊರಟರಲ್ಲ ಎಂದು ಸಿಟ್ಟೂ ಉಕ್ಕಿತು.

“ಇದು ತನ್ನಷ್ಟಕ್ಕೆ ಆದದ್ದಲ್ಲ, ಯಾರದ್ದೋ ಕೈ ಉಂಟು. ನನ್ನ ಕ್ಲಾಸಿನಲ್ಲಿ ತಪ್ಪು ಮಾಡಿದವರಿಗೆ ಕೊನೆಯ ಬೆಂಚು. ನಾಳೆ ಕಾರ್ಕಳಕ್ಕೆ ಹೋಗಿ ಬರುವವರೆಗೂ ಹಿಂದಿನ ಸೀಟು! ಬಾಯಿ, ನೀವೇ ಸಾಕ್ಷಿ.”

ಪೈಪು ಹಿಡಿದದ್ದು ನೆನಪಾಗಿ ರಾಯರು ಕುಗ್ಗಿದರು. “ಯಾರೇ ಆದ್ರೂ?”

“ಯಾರೇ ಆದ್ರೂ!”

ಇಂಜಿನಿನಿಂದ ಬಾಡಿಗೆ ಬರುವ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಬ್ಯಾಟರಿಯ ಹಿಂದಿನ ಸಂದಿಯಲ್ಲಿತ್ತು. ಕಾರು ಬಂದ್ ಮಾಡಿ ರಾಯರು ಟಾರ್ಚ್ ಹಿಡಿದರು. ಟೀಚರು ಸ್ಪಾನರ್ ಹಾಕಿ ಬೋಲ್ಟ್ ಬಿಚ್ಚಿ, ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಅಡಿಯಲ್ಲಿ ತುಕ್ಕು ಇರಲಿಲ್ಲ. ನುಣ್ಣಗೆ, ಎರಡು ಕೋಟು, ಗಿಳಿಹಸಿರು ಬಣ್ಣ.

ಮೂವರೂ ಅದನ್ನು ನೋಡಿದರು. ಆಮೇಲೆ ಮೂವರೂ ತುಳಸಿಕಟ್ಟೆಯನ್ನು ನೋಡಿದರು.

ಟೀಚರಿಗೆ ಎಲ್ಲವೂ ನೆನಪಾಯಿತು. ಪಟ್ಟಿಯ ಬುಡದಲ್ಲಿ ತುಕ್ಕು ಕಂಡದ್ದು, ಬ್ರಷ್ಷಿಗೆ ಅಡ್ಡವಾಯಿತೆಂದು ಅದನ್ನು ಬಿಚ್ಚಿದ್ದು, ಬಣ್ಣ ಒಣಗಿದ ಮೇಲೆ ಅಚ್ಚುಕಟ್ಟಾಗಿ ಅದರ ಮೇಲೆಯೇ ಬಿಗಿದದ್ದು.

“ಬಣ್ಣ ಹೊಡೆದದ್ದು ತಪ್ಪಲ್ಲ” ಎಂದರು ತಲೆಯೆತ್ತಿ. “ಆಗ ನನ್ನ ಆಪರೇಷನ್ ಆಗಿರಲಿಲ್ಲ. ಕಣ್ಣು ಕಾಣ್ತಿರಲಿಲ್ಲ.”

“ಕನ್ನಡಕ ಮರೆತು ಬಂದ ಮಕ್ಕಳನ್ನು ನಿನ್ನ ಕ್ಲಾಸಿನಲ್ಲಿ ಬಿಟ್ಟುಬಿಡ್ತಿದ್ದಿಯಾ?” ರಾಯರು ಬಹಳ ಮೆಲ್ಲಗೆ ಕೇಳಿದರು.

ಸಾಕ್ಷಿಯಾದ ಮ್ಯಾಗ್ಡಲಿನ್ ಬಾಯಿ, ನಗು ತಡೆಯಲಾರದೆ, ಒಲೆಯ ಮೇಲೆ ಮೀನಿನ ಸಾರು ಉಂಟೆಂದು ಹೇಳಿ ಕಂಪೌಂಡಿನ ಆಚೆ ಮರೆಯಾದರು. ಟೀಚರು ಸ್ಯಾಂಡ್‌ಪೇಪರ್ ತಂದು, ಕರೆಂಟಿಗೆ ಅಡ್ಡ ನಿಂತಿದ್ದ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದರು. ಜಂಪ್ ಕೇಬಲ್ ಇಲ್ಲದೆಯೇ ಕಾರು ಒಂದೇ ಸಲಕ್ಕೆ ಎದ್ದಿತು. ಆ ಸದ್ದಿನ ನಡುವೆಯೇ ರಾಯರು ಮಣಿಪಾಲಕ್ಕೆ ಫೋನ್ ಮಾಡಿ, ಸೋಮವಾರ ಯಾರೂ ಬರುವುದು ಬೇಡ, ಹಳೆ ಕಾರು ಬಹಳ ಚೆನ್ನಾಗಿದೆ ಎಂದರು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಅವರಿಗೆ ಆ ಕಾರಿನ ಸ್ಟೇರಿಂಗ್ ಸಿಕ್ಕಿತ್ತು.

ಭಾನುವಾರ ಟೀಚರು ರೇಷ್ಮೆ ಸೀರೆಯುಟ್ಟು, ತೊಟ್ಟಿಲ ಮಗುವಿನ ಉಡುಗೊರೆಯ ಜೊತೆ ಹಿಂದಿನ ಸೀಟಿನಲ್ಲಿ ಕುಳಿತರು. ಕೊಟ್ಟ ಶಿಕ್ಷೆಯನ್ನು ಹಿಂತೆಗೆದುಕೊಂಡ ಚರಿತ್ರೆ ಅವರಿಗಿಲ್ಲ. ಶಿರ್ವ ದಾಟುವುದರೊಳಗೆ ಎರಡು ಬಸ್ಸು, ಏಳು ಸ್ಕೂಟರು ಮತ್ತು ಮೀನು ಮಾರುವವನ ಸೈಕಲ್ಲು ಅವರನ್ನು ಹಿಂದಿಕ್ಕಿ ಹೋದವು.

“ಮೂರನೇ ಗೇರಿಗೆ ಹಾಕಿ ಮಾರಾಯ್ರೆ! ಹಾರ್ನ್ ಹೊಡೀರಿ! ನಾಮಕರಣ ಮುಗಿದು ಮಗು ಶಾಲೆಗೆ ಸೇರ್ತದೆ!”

ರಾಯರು ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ, ಅದರಲ್ಲಿ ಹೆಂಡತಿಯ ಮುಖ ಸರಿಯಾಗಿ ಬೀಳುವಂತೆ ನೋಡಿಕೊಂಡು, ಅಷ್ಟು ವರ್ಷ ಕೇಳಿದ್ದ ಆ ಹೈಸ್ಕೂಲ್ ದನಿಯಲ್ಲೇ ಹೇಳಿದರು:

“ಕೊನೆಯ ಬೆಂಚು... ಗಲಾಟೆ ಬೇಡ.”