ಶುಕ್ರವಾರದ ವ್ಯಾನಿಗೊಂದು ಓಟು

ಓಟು ಹಾಕುವುದೆಂದರೆ ನನಗೆ ಮೊದಲಿನಿಂದಲೂ ಗಂಡನ ಹಿಂದೆ ನಡೆದುಕೊಂಡು ಹೋಗುವ ಕೆಲಸ. ನಾನು ಏಳನೆಯ ಕ್ಲಾಸಿನವರೆಗೆ ಕಲಿತ ಊರಿನ ಶಾಲೆಯಲ್ಲೇ ಮತಗಟ್ಟೆ. ರಟ್ಟಿನ ಮರೆಯ ಹಿಂದೆ ಹೋಗುವುದು, ನಿಮ್ಮ ಅಜ್ಜ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದ ಚಿತ್ರದ ಮೇಲೆ ಮುದ್ರೆ ಒತ್ತುವುದು, ಸೆರಗು ಸರಿಮಾಡಿಕೊಂಡು ಹೊರಗೆ ಬರುವುದು. "ಸರಿಯಾಗಿ ಹಾಕಿದಿಯಲ್ಲ?" ಎಂದು ಅವರು ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ನಮ್ಮಿಬ್ಬರ ನಡುವೆ ರಾಜಕೀಯದ ಚರ್ಚೆ ಅದಕ್ಕಿಂತ ಮುಂದೆ ಹೋದದ್ದಿಲ್ಲ. ಅವರು ತೀರಿಕೊಂಡ ಮೇಲೆ ಬಂದ ಚುನಾವಣೆಯಲ್ಲಿ ಯಾವ ಚಿತ್ರವೆಂದು ಹೇಳುವವರಿಲ್ಲದೆ ನಾನು ಮನೆಯಲ್ಲೇ ಕುಳಿತೆ. ಇಂಥ ನಾನು ಜೀವನದಲ್ಲಿ ಒಂದೇ ಒಂದು ಸಲ, ಅದೂ ಕಡಲು ದಾಟಿ ಮಸ್ಕತ್ತಿಗೆ ಹೋಗಿ, ಸ್ವಂತ ಬುದ್ಧಿಯಿಂದ ಓಟು ಹಾಕಿದೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ ಮಕ್ಕಳೇ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ಕಷ್ಟವಾದರೆ ನಿಧಾನಕ್ಕೆ ಓದಿ. ನಿಮ್ಮ ಅಮ್ಮನ ಹತ್ತಿರ ಮಾತ್ರ ಓದಿಸಿಕೊಳ್ಳಬೇಡಿ.

ನಿಮ್ಮ ಅಪ್ಪ ಸುರೇಶ ನನ್ನನ್ನು ಅಲ್ಲಿಗೆ ಕರೆಸಿಕೊಂಡಾಗ ನಿಮ್ಮಲ್ಲಿ ದೊಡ್ಡವಳಾದ ಪ್ರೀತಿ ಇನ್ನೂ ಚಿಕ್ಕ ಮಗು, ಉಳಿದವರು ಹುಟ್ಟಿರಲಿಲ್ಲ. ಅಲ್ ಖುವೈರ್ ಎಂಬ ಬಡಾವಣೆಯಲ್ಲಿ ಮೂರನೆಯ ಮಾಳಿಗೆಯ ಮನೆ. ಒಂದು ಮಲಗುವ ಕೋಣೆ, ಒಂದು ಹಾಲು. ಹಾಲಿನ ಸೋಫಾ ನನ್ನ ಹಾಸಿಗೆ. ಅವನು ಆಫೀಸಿಗೆ, ನಿಮ್ಮ ಅಮ್ಮ ವಿನಯಾ ಆಸ್ಪತ್ರೆಯ ಲ್ಯಾಬಿಗೆ. ಕಿಟಕಿ ತೆಗೆದರೆ ಬೆಂಕಿಯಂಥ ಗಾಳಿ, ಮುಚ್ಚಿದರೆ ಎ.ಸಿ.ಯ ಗುಂಯ್ ಸದ್ದು, ಅದರಾಚೆ ಹೆದ್ದಾರಿಯಲ್ಲಿ ನಿಲ್ಲದೆ ಓಡುವ ಕಾರುಗಳು. ಅಷ್ಟು ಕಾರುಗಳಲ್ಲಿ ಒಂದಾದರೂ ನಮ್ಮ ಮನೆಗೆ ಬರುವುದಲ್ಲ. ಮಗುವಿಗೆ ಕಥೆ ಹೇಳಿದರೆ ನರ್ಸರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಏನೋ ಹೇಳಿ ಓಡುತ್ತಿತ್ತು. ಗಂಡ ಹೋದ ದುಃಖವನ್ನು ಊರಿನಲ್ಲಾದರೆ ಬಾವಿಕಟ್ಟೆಯಲ್ಲಿ ನಿಂತು ಸ್ವಲ್ಪ ಸ್ವಲ್ಪವೇ ಹಂಚಿ ಹಗುರ ಮಾಡಿಕೊಳ್ಳಬಹುದಿತ್ತು. ಇಲ್ಲಿ ಕೇಳುವವರಿಲ್ಲದೆ ಅದು ಇದ್ದಷ್ಟೇ ಇತ್ತು. ಒಂದು ದಿನ ಕುಕ್ಕರ್ ಸೀಟಿ ಹೊಡೆದಾಗ "ಬಂದೆ ಮಾರಾಯ್ತಿ, ಬಂದೆ" ಎಂದು ನಾನು ಅದಕ್ಕೆ ಉತ್ತರ ಕೊಟ್ಟೆ. ಆ ದಿನ ನನಗೇ ಹೆದರಿಕೆಯಾಯಿತು.

ನನ್ನನ್ನು ಉಳಿಸಿದ್ದು ಶುಕ್ರವಾರದ ವ್ಯಾನು. ನಮ್ಮ ಕರಾವಳಿಯವರದ್ದು ಅಲ್ಲೊಂದು ಸಂಘ. ಮಂಗಳೂರು, ಉಡುಪಿ ಕಡೆಯವರೆಲ್ಲ ಜಾತಿ ಧರ್ಮ ಕೇಳದೆ ಅದರಲ್ಲಿದ್ದರು. ರಜಾದಿನವಾದ ಶುಕ್ರವಾರ ಊಟದ ಮೇಲೆ ಹಮೀದಾಕ ಎಂಬ ಉಳ್ಳಾಲದ ಡ್ರೈವರ್ ವ್ಯಾನು ತಂದು, ಮನೆಮನೆಯಿಂದ ನನ್ನಂಥ ಅಮ್ಮಂದಿರನ್ನೂ ಅತ್ತೆಯರನ್ನೂ ಹೆಕ್ಕಿಕೊಂಡು ರೂವಿ ಎಂಬ ಪೇಟೆಯಲ್ಲಿದ್ದ ಸಂಘದ ಹಾಲಿಗೆ ಒಯ್ಯುತ್ತಿದ್ದ. ಮೊಮ್ಮಕ್ಕಳೂ ನಮ್ಮ ಜೊತೆಗೇ. ಅಲ್ಲಿ ನಾವು ಮಾಡುತ್ತಿದ್ದುದು ಏನೂ ಇಲ್ಲ. ಎರಡು ಭಜನೆ, ಗೋಳಿಬಜೆ, ಚಹಾ, ಉಳಿದ ಹೊತ್ತೆಲ್ಲ ಮಾತು. ಊರಾಚೆಯ ಅಲ್ ಅಮೇರಾತಿನಿಂದ ಬರುತ್ತಿದ್ದ ಸೆವ್ರಿನ್ ಬಾಯಿ ನನ್ನ ಪಕ್ಕದ ಕುರ್ಚಿಯವಳು. ಅವಳೂ ವಿಧವೆ, ಮಗಳ ಮನೆಯಲ್ಲಿರುವವಳು. ಇಗರ್ಜಿಗೆ ಹೋಗುವವಳಾದರೂ ಭಜನೆಗೆ ತಾಳ ಹಾಕುತ್ತಿದ್ದಳು. "ದೇವರಿಗೆ ರಜೆ ಇಲ್ಲ ಮಾರಾಯ್ತಿ, ಯಾರು ಕರೆದ್ರೂ ಬರ್ಬೇಕು" ಎನ್ನುತ್ತಿದ್ದಳು.

ಒಂದು ಶುಕ್ರವಾರ ಸೀರೆ ಉಟ್ಟು, ಮಗುವಿಗೆ ಪೌಡರ್ ಹಚ್ಚಿ ಕೆಳಗೆ ಇಳಿದರೆ ಹಮೀದಾಕ ವ್ಯಾನಿನಿಂದ ಇಳಿಯಲೇ ಇಲ್ಲ. "ನಿಮ್ಮ ವ್ಯಾನು ಖಲಾಸ್, ಅಮ್ಮನೋರೇ. ಇನ್ನು ಕ್ರಿಕೆಟಿಗಂತೆ" ಎಂದ. ಹಿಂದಿನ ಸೀಟಿನಲ್ಲಿ ಹುಡುಗರು ಬ್ಯಾಟು ಹಿಡಿದು ಕುಳಿತಿದ್ದರು. ಸಂಘದ ಅಧ್ಯಕ್ಷರಿಗೆ ಕ್ರಿಕೆಟಿನ ಹುಚ್ಚು. ತಂಡವನ್ನು ಎಷ್ಟೋ ದೂರದ ಸುವೈಕಿನವರೆಗೆ ಪಂದ್ಯಕ್ಕೆ ಒಯ್ಯಬೇಕು, ಕಪ್ಪು ಗೆದ್ದರೆ ಸಂಘಕ್ಕೆ ಹೆಸರು, ಮುದುಕಿಯರು ಗೋಳಿಬಜೆ ತಿಂದರೆ ಯಾವ ಕಪ್ಪು ಬರುತ್ತದೆ ಎಂದು ಕಮಿಟಿಯಲ್ಲಿ ಕೇಳಿದರಂತೆ. ಉತ್ತರ ಕಷ್ಟವೇ. ನಾವು ಯಾವ ಕಪ್ಪನ್ನೂ ಗೆದ್ದಿರಲಿಲ್ಲ.

ಹಾಗೆ ತಿಂಗಳುಗಳು ಹೋದವು. ಸೆವ್ರಿನ್ ಬಾಯಿಗೆ ಫೋನು ಮಾಡಿದರೆ ಅವಳಿಗೆ ಕಿವಿ ಮಂದ. ನಾನು ಗಟ್ಟಿಯಾಗಿ ಮಾತಾಡಲಾರೆ. ನಮ್ಮೊಡನೆ ಬರುತ್ತಿದ್ದ ಕಲ್ಯಾಣಿಯಕ್ಕ ಎಂಬ ಬ್ರಹ್ಮಾವರದ ಹೆಂಗಸಿಗೆ ಆರೋಗ್ಯ ಕೆಟ್ಟು, ಊರಿಗೆ ಕಳಿಸಿ, ಅಲ್ಲಿ ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಸುರೇಶ ಊಟ ಮಾಡುತ್ತಾ, ಉಪ್ಪಿನಕಾಯಿ ಕೇಳುವ ನಡುವೆ ಹೇಳಿದ. ಪ್ರತಿ ವಾರ ನನ್ನ ಕೈಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದ ಹೆಂಗಸು. ಹೋಗಿ ಬನ್ನಿ ಎಂದು ಹೇಳಲೂ ಸಿಗಲಿಲ್ಲ. ಆ ರಾತ್ರಿ ಸೋಫಾದ ಮೇಲೆ ಮಲಗಿ ನನಗೆ ಅನ್ನಿಸಿತು: ನಾನು ಹೋದರೂ ಹೀಗೆಯೇ, ಯಾರದೋ ಮನೆಯ ಊಟದಲ್ಲಿ ಉಪ್ಪಿನಕಾಯಿಯ ಪಕ್ಕ ಸ್ವಲ್ಪ ಹೊತ್ತು ಇರುತ್ತೇನೆ.

ಅಷ್ಟರಲ್ಲಿ ಕಮಿಟಿ ಒಡೆಯಿತು. ಆ ಕಾಲದಲ್ಲಿ ದೆಹಲಿಯಲ್ಲೂ ಸರಕಾರಗಳು ಅರ್ಧದಲ್ಲೇ ಬೀಳುತ್ತಿದ್ದವು; ಮಧ್ಯಂತರ ಚುನಾವಣೆ ಎಂಬ ಮಾತನ್ನು ರೇಡಿಯೋದಲ್ಲಿ ಕೇಳಿ ಕೇಳಿ ನಮ್ಮವರಿಗೂ ಆಸೆಯಾಯಿತೋ ಏನೋ. ಇಬ್ಬರು ರಾಜೀನಾಮೆ ಕೊಟ್ಟರು. ಅವಧಿ ಮುಗಿಯುವ ಮೊದಲೇ ಚುನಾವಣೆ ಎಂದಾಯಿತು. ಅಧ್ಯಕ್ಷರ ಗುಂಪಿಗೆ ತೆಂಗಿನಮರದ ಚಿತ್ರ. ಅವರ ಎದುರು ನಿಂತವರು ಶಾಲೆಯಲ್ಲಿ ಕಲಿಸುತ್ತಿದ್ದ ವಸಂತಿ ಟೀಚರ್, ಅವರದ್ದು ದೀಪ. ಟೀಚರ್ ಭಾಷಣ ಮಾಡಲಿಲ್ಲ. "ಗೆದ್ದರೆ ಅಮ್ಮಂದಿರ ವ್ಯಾನು ವಾಪಸು ಬರ್ತದೆ" ಎಂದು ಮಾತ್ರ ಹೇಳಿದರು.

ಎರಡೂ ಕಡೆಯವರು ಆಗ ಒಂದು ಉಪಾಯ ಕಂಡುಹಿಡಿದರು. ತಂತಮ್ಮ ತಾಯಂದಿರನ್ನು ಸಂಘದ ಸದಸ್ಯರನ್ನಾಗಿ ಮಾಡುವುದು. ಊರಿಂದ ಬಂದು ವರ್ಷಗಟ್ಟಲೆ ಯಾರ ಲೆಕ್ಕಕ್ಕೂ ಸಿಗದೆ ಅಡುಗೆಮನೆಯಲ್ಲಿದ್ದ ನಾವು ಒಂದೇ ವಾರದಲ್ಲಿ ಅಮೂಲ್ಯರಾದೆವು. ಸುರೇಶ ನನ್ನ ಫೋಟೋ ತೆಗೆಸಿದ. ಅವನ ಆಫೀಸಿನ ಮ್ಯಾನೇಜರೇ ಸಂಘದ ಅಧ್ಯಕ್ಷರಾದ್ದರಿಂದ ನಮ್ಮ ಮನೆಯಲ್ಲಿ ಹಗಲೂ ರಾತ್ರಿ ತೆಂಗಿನಮರ.

"ಅಮ್ಮ, ತೆಂಗಿನಮರ. ನೆನಪುಂಟಲ್ಲ?"

"ಉಂಟು."

"ದೀಪ ನೋಡ್ಲಿಕ್ಕೂ ಹೋಗ್ಬೇಡ. ಗೊತ್ತಾದ್ರೆ ನನ್ನ ಪ್ರಮೋಶನ್ ಹೋಯ್ತು."

"ಅವರಿಗೆ ಹೇಗೆ ಗೊತ್ತಾಗ್ತದೆ ಮಗಾ?"

"ಆ ಮನುಷ್ಯ ಮುಖ ನೋಡಿಯೇ ಹೇಳ್ತಾನೆ. ನಿನ್ನ ಮುಖದಲ್ಲಿ ಎಂತದೂ ಅಡಗಿ ನಿಲ್ಲುದಿಲ್ಲ."

ಬಂಗುಡೆ ಹುರಿಯುತ್ತಿದ್ದ ವಿನಯಾ ತಲೆ ಎತ್ತದೆ, "ಓಟು ಗುಟ್ಟಿನದ್ದಲ್ವಾ ಅತ್ತೆ" ಎಂದಳು. ಅಷ್ಟೇ. ಮೀನು ಮಗುಚಿ ಹಾಕಿದಳು.

ಚುನಾವಣೆಯ ಶುಕ್ರವಾರ ಅಧ್ಯಕ್ಷರು ಒಂದು ದೊಡ್ಡ ತಪ್ಪು ಮಾಡಿದರು. ಅಮ್ಮಂದಿರ ಓಟು ತಪ್ಪಬಾರದೆಂದು ನಮ್ಮನ್ನು ಕರೆತರಲು ವ್ಯಾನು ಕಳಿಸಿದರು, ಅದೇ ವ್ಯಾನು. ಒಳಗೆ ಕಾಲಿಟ್ಟ ಕೂಡಲೇ ಸೆವ್ರಿನ್ ಬಾಯಿ ಮೂಗಿಗೆ ಕರವಸ್ತ್ರ ಹಿಡಿದಳು. "ಇದೆಂತ ವಾಸನೆ ಮಾರಾಯ್ರೆ? ಯಾರಾದ್ರೂ ಸತ್ತಿದ್ದಾರಾ ಇಲ್ಲಿ?"

"ಕ್ರಿಕೆಟಿನ ಪ್ಯಾಡು, ಬಾಯಿಯಮ್ಮ. ಬೆವರು ಒಣಗಿದ್ರೆ ಹಾಗೆಯೇ," ಎಂದ ಹಮೀದಾಕ.

"ಕಲ್ಯಾಣಿಯಕ್ಕ ಕೂತ್ಕೊಳ್ತಿದ್ದ ಜಾಗದಲ್ಲಿ ಪ್ಯಾಡು!" ಎಂದಳು ಸೆವ್ರಿನ್ ಬಾಯಿ. ಪ್ಯಾಡನ್ನು ಎತ್ತಿ ಕೆಳಗೆ ಹಾಕಿದಳು.

ರಟ್ಟಿನ ಮರೆಯ ಹಿಂದೆ ಹೋದೆ. ಪೆನ್ಸಿಲಿನಿಂದ ಗೀಟು ಹಾಕಬೇಕು. ತೆಂಗಿನಮರ ನೋಡಿದೆ, ಮಗನ ಮುಖ ಕಂಡಿತು. ದೀಪ ನೋಡಿದೆ. ನಿಮ್ಮ ಅಜ್ಜ ಹೊರಗೆ ನಿಂತು "ಸರಿಯಾಗಿ ಹಾಕಿದಿಯಲ್ಲ?" ಎಂದು ಕೇಳುವವರಿದ್ದಾರೆ ಅನ್ನಿಸಿತು. ಯಾರೂ ಇರಲಿಲ್ಲ. ದೀಪಕ್ಕೆ ಹಾಕಿದೆ. ಹೊರಗೆ ಬರುವಾಗ ಅಧ್ಯಕ್ಷರು ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ಮುಖದಲ್ಲಿ ಏನೂ ಕಾಣದಿರಲೆಂದು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಲೇ ನಡೆದೆ. ಅವರು ಪಾಪ, ಒಂದು ಲೋಟ ತಣ್ಣಗಿನ ಶರಬತ್ತು ತರಿಸಿಕೊಟ್ಟರು. ಅದನ್ನೂ ಕುಡಿದೆ.

ಸಂಜೆಯ ಹೊತ್ತಿಗೆ ದೀಪ ಗೆದ್ದಿತ್ತು. ಗೆದ್ದದ್ದು ಹೇಗೆಂದು ಕೇಳಿ! ತೆಂಗಿನಮರ ಬುಡಸಮೇತ ಹೋಯಿತು. ನಮಗೆ ಮುದುಕಿಯರಿಗೆ ಇಷ್ಟು ಬಲ ಇತ್ತೇ ಎಂದು ನಾನು ಬೆರಗಾದೆ. ನಮ್ಮ ಓಟುಗಳನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ ಎಂಬುದು ತಲೆಗೆ ಹೋಗಲಿಲ್ಲ. ದೇವರು ಕೂಡಿಸಿದ ಎಂದುಕೊಂಡೆ. ಎದೆಯ ಮೇಲಿದ್ದ ಅರೆಯುವ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು. ಇನ್ನು ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ನಮಗೆ ಗೊತ್ತಾಗುತ್ತದೆ, ಯಾರಾದರೂ ಊರಿಗೆ ಹೊರಟರೆ ಹೋಗಿ ಬನ್ನಿ ಎನ್ನಬಹುದು. ನನ್ನ ಹಾರೈಕೆಯೆಲ್ಲ ಅಷ್ಟೇ ಉದ್ದದ್ದು.

ಆದರೆ ಸುರೇಶನದ್ದು ಆ ವಾರವೆಲ್ಲ ಸಪ್ಪೆ ಮುಖ. ಊಟ ಸೇರದು, ಟಿ.ವಿ. ಬೇಡ. ನನಗೆ ಪ್ರಮೋಶನಿನ ಮಾತು ನೆನಪಾಯಿತು. ಒಂದು ವ್ಯಾನಿಗಾಗಿ ಮಗನ ಅನ್ನಕ್ಕೆ ಕಲ್ಲು ಹಾಕಿದೆನೇ? ಶುಕ್ರವಾರ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಊಟ ಬಡಿಸುತ್ತಾ ಹೇಳಿದೆ: "ನಾನಿವತ್ತು ವ್ಯಾನಿನಲ್ಲಿ ಹೋಗುದಿಲ್ಲ. ನಿಮ್ಮೊಟ್ಟಿಗೇ ಇರ್ತೇನೆ. ಸಂಜೆಗೆ ನೀರ್ ದೋಸೆ ಮಾಡುವ."

ಇಬ್ಬರ ಕೈಯೂ ಬಟ್ಟಲಿನಲ್ಲೇ ನಿಂತಿತು.

"ಅಯ್ಯೋ, ಹೋಗಿ ಅತ್ತೆ! ಸೆವ್ರಿನ್ ಬಾಯಿ ಕಾಯ್ತಾರೆ," ಎಂದಳು ವಿನಯಾ.

"ಬೇಡ ವಿನಯಾ. ಇವನ ಮುಖ ನೋಡು, ಹೀಗಿರುವಾಗ..."

"ನನ್ನ ಮುಖಕ್ಕೆ ಎಂತ ಆಗಿದೆ?" ಸುರೇಶ ದನಿ ಏರಿಸಿದ. "ಆಫೀಸಿನಲ್ಲಿ ಆ ಮನುಷ್ಯ ಅಳ್ತಾ ಕೂತಿದ್ದಾನೆ, ನಾನು ನಗ್ಲಿಕ್ಕೆ ಆಗ್ತದಾ? ಅದೇ ಅಭ್ಯಾಸ ಆಗಿದೆ. ನೀನು ಹೋಗು. ಮನೆಯಲ್ಲೇ ಕೂರುದಾದ್ರೆ ನಾನು ಯಾಕೆ ದೀಪಕ್ಕೆ ಹಾಕಿದ್ದು?"

ವಿನಯಾ ಗಂಡನನ್ನು ನೋಡಿದಳು. "ನೀವೂ ಹಾಕಿದ್ರಾ?" ಎಂದಳು. ಆ 'ಊ' ಕೇಳಿ ಅವನು ಅವಳನ್ನು ನೋಡಿದ. ನಾನು ಸಾರಿನ ಸೌಟನ್ನು ನೋಡಿದೆ. ವಾರಕ್ಕೆ ಒಂದೇ ದಿನ ಇಬ್ಬರಿಗೂ ರಜೆ. ವ್ಯಾನು ನಿಂತ ಮೇಲೆ ಆ ಒಂದು ದಿನವೂ ಸೋಫಾದ ನಡುವೆ ನಾನು, ನನ್ನ ಮಡಿಲಲ್ಲಿ ಮಗು. ಅವರು ಒಂದು ಮಾತಾಡಬೇಕಿದ್ದರೂ ಅಡುಗೆಮನೆಗೆ ಹೋಗಿ ಹೊರಗೆ ಕೇಳದಂತೆ ನಲ್ಲಿ ಬಿಡುತ್ತಿದ್ದರು. ನೀರು ಪೋಲಾಗುತ್ತದೆ ಎಂದು ನಾನು ಅಲ್ಲಿಗೂ ಹೋಗಿ ನಲ್ಲಿ ನಿಲ್ಲಿಸಿ ಬರುತ್ತಿದ್ದೆ.

ಮಗುವನ್ನು ಎತ್ತಿಕೊಂಡು ಕೆಳಗೆ ಇಳಿದೆ. ವ್ಯಾನಿನಲ್ಲಿ ಸೆವ್ರಿನ್ ಬಾಯಿಯ ಕಿವಿಗೆ ನಡೆದದ್ದನ್ನು ಮೆಲ್ಲಗೆ ಹೇಳಿದೆ. ಅವಳಿಗೆ ಕೇಳಲಿಲ್ಲ, ಆದ್ದರಿಂದ ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ಅವಳು ಮಡಿಲಿನಲ್ಲಿದ್ದ ಪರ್ಸನ್ನು ನೋಡಿದಳು. "ನನ್ನ ಅಳಿಯ ಅಧ್ಯಕ್ಷರ ಪೋಸ್ಟರ್ ಬರೆದವ. ಇವತ್ತು ವ್ಯಾನು ಬರುವ ಎಷ್ಟೋ ಮೊದಲೇ ನನ್ನ ಪರ್ಸು ತಂದುಕೊಟ್ಟು ಬಾಗಿಲು ತೆಗೆದು ನಿಂತಿದ್ದ. ಒಳ್ಳೆ ಮನುಷ್ಯ ಅಂದ್ಕೊಂಡೆ," ಎಂದಳು. ಹಿಂದಿನ ಸೀಟಿನಿಂದ ಇನ್ನೊಬ್ಬರು, "ನನ್ನ ಸೊಸೆ ಇವತ್ತು ತಲೆ ಬಾಚಿ ಕೊಟ್ಳು. ಮದುವೆಯಾಗಿ ಬಂದ ಮೇಲೆ ಇದೇ ಮೊದಲು," ಎಂದರು. ದೀಪಕ್ಕೆ ಅಷ್ಟೊಂದು ಓಟು ಎಲ್ಲಿಂದ ಬಂತೆಂದು ಯೋಚಿಸಿದರೆ ಒಬ್ಬೊಬ್ಬರಿಗೂ ಅವರವರ ಮನೆಯೇ ಕಾಣುತ್ತಿತ್ತು. ಊರಿಗೆ ಊರೇ ಸೇರಿ ನಮ್ಮನ್ನು ಬಹುಮತದಿಂದ ಹೊರಗೆ ಕಳಿಸಿತ್ತು.

"ಎಂತ ಅಮ್ಮನೋರೇ, ಗೆದ್ದವರು ಹೀಗೆ ಕೂರುದಾ?" ಎಂದು ಹಮೀದಾಕ ಕನ್ನಡಿಯಲ್ಲಿ ನೋಡಿದ. ಸೆವ್ರಿನ್ ಬಾಯಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಆ ದಿನವೂ ಗೋಳಿಬಜೆ ಖಾಲಿಯಾಗುವವರೆಗೆ ತಿಂದೆವು. ಹಿಂದಿರುಗಿದಾಗ ಮನೆಯಲ್ಲಿ ಅವರಿಬ್ಬರೂ ನಗುತ್ತಾ ಚಹಾ ಮಾಡುತ್ತಿದ್ದರು, ನಲ್ಲಿ ಬಂದ್ ಆಗಿತ್ತು. ನಿಮ್ಮಲ್ಲಿ ಎರಡನೆಯವನು ಹುಟ್ಟಿದ್ದು ಅದರ ಮರುವರ್ಷ. ಈ ಮಾತನ್ನು ಬರೆದು ಹೊಡೆದುಹಾಕಬೇಕೆಂದಿದ್ದೆ, ಇರಲಿ. ಬೇಸರಪಡಲು ನನಗೇನು ಹಕ್ಕು? ಆ ಮನೆಯಿಂದ ವಾರಕ್ಕೊಮ್ಮೆ ತಪ್ಪಿಸಿಕೊಳ್ಳಬೇಕೆಂದೇ ಅಲ್ಲವೇ ನಾನೂ ಓಟು ಹಾಕಿದ್ದು? ಮೂವರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕಡೆ ಗೀಟು ಎಳೆದಿದ್ದೆವು. ನಮ್ಮ ಮನೆಯಲ್ಲಿ ಅಷ್ಟು ಒಗ್ಗಟ್ಟು ಅದರ ಹಿಂದೆಯೂ ಇರಲಿಲ್ಲ, ಮುಂದೆಯೂ ಕಾಣಲಿಲ್ಲ. ಈಗ ನಿಮ್ಮ ಮನೆಗೆ ಬಂದಾಗ ನಿಮ್ಮಲ್ಲಿ ಯಾರಾದರೂ ತುಂಬ ಪ್ರೀತಿಯಿಂದ "ಅಜ್ಜಿ, ಸ್ವಲ್ಪ ವಾಕಿಂಗ್ ಹೋಗಿ ಬನ್ನಿ, ಕಾಲಿಗೆ ಒಳ್ಳೇದು" ಎಂದರೆ ನಾನು ಎದುರು ಮಾತಾಡುವುದಿಲ್ಲ. ಮತ ಎಣಿಕೆ ಮುಗಿದಿದೆ ಎಂದು ಗೊತ್ತಾಗುತ್ತದೆ. ಎದ್ದು ಚಪ್ಪಲಿ ಹುಡುಕುತ್ತೇನೆ.