ಅರವತ್ತೊಂದನೆಯ ವಸಂತ ಕೇಳಿದವಳ ಪರವಾಗಿ

ಮಾನ್ಯ ವಸಂತ ಮಹಾಶಯರೇ,

ಹೂವು, ತಂಗಾಳಿ, ಹಕ್ಕಿಪಕ್ಕಿಗಳಾದಿಯಾಗಿ ತಮ್ಮ ಸಮಸ್ತ ಪರಿವಾರವೂ ಕ್ಷೇಮವೆಂದು ನಂಬಿ, ಅಂಗಡಿಗಳ ಬೋರ್ಡು ಬರೆದೇ ತಲೆ ನರೆಸಿಕೊಂಡ ಈ ಮುದುಕ ಮಾಡುವ ನಮಸ್ಕಾರಗಳು.

ತಮ್ಮ ಹೆಸರನ್ನು ನಾನು ಲಾಂಡ್ರಿಯ ಮೇಲೆ ಬರೆದಿದ್ದೇನೆ, ಹಲ್ಲಿನ ಆಸ್ಪತ್ರೆಯ ಮೇಲೆ ಬರೆದಿದ್ದೇನೆ, ಬಿಸಿಲೇ ಕಾಣದ ಓಣಿಯ ಲಾಡ್ಜೊಂದರ ಮೇಲೂ ಬರೆದಿದ್ದೇನೆ; ಎಲ್ಲಿ ಕೂರಿಸಿದರೂ ತಾವು ಮುಖ ಸಿಂಡರಿಸದೆ ಕೂತಿರಿ. ತಮ್ಮ ಮನೆಮಂದಿಯೂ ಅಷ್ಟೇ ಧಾರಾಳಿಗಳು. ಚಿಗುರು ಗಿಡ ಬಿಟ್ಟು ಹುಡುಗರ ಮೀಸೆಗೆ ಬಂತು, ಮುಳುಗಿದ ವ್ಯಾಪಾರಕ್ಕೂ ಬಂತು. ಅರಳುವುದು ಸಂಬಳದ ದಿನ ಗುಮಾಸ್ತರ ಮುಖಕ್ಕೆ ಬಂತು. ತಮ್ಮ ಕಾಲದ್ದೇ ಆದ ಸುಗ್ಗಿಯಂತೂ, ಅಣ್ಣತಮ್ಮಂದಿರು ಜಗಳವಾಡಿದರೆ ವಕೀಲರ ಮನೆಗೆ, ಊರಿಗೆಲ್ಲ ಜ್ವರ ಬಂದರೆ ಡಾಕ್ಟರ ಮನೆಗೆ ತಾನಾಗಿಯೇ ನಡೆದು ಹೋಗುತ್ತದೆ. ಹೀಗೆ ಕೇಳಿದವರಿಗೂ ಕೇಳದವರಿಗೂ ಕೊಡುವ ತಾವು, ನನ್ನ ತಂಗಿಯ ವಿಷಯದಲ್ಲಿ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡದ್ದೇಕೆ ಎಂಬುದೇ ನನ್ನ ದೂರು.

ತಂಗಿ ಟೈಲರ್. ಗಂಡ ಹೋದ ಮೇಲೆ ಮೆಷಿನ್ ತುಳಿದೇ ಮಗನನ್ನು ಓದಿಸಿ ಬ್ಯಾಂಕಿನ ಮ್ಯಾನೇಜರನ್ನಾಗಿ ಮಾಡಿದಳು. ಕಳೆದ ತಿಂಗಳು ಅವಳಿಗೆ ಅರವತ್ತು ತುಂಬಿದಾಗ ಆ ಮಗ, ಅಂದರೆ ನನ್ನ ಸೋದರಳಿಯ, ಒಂದು ಹಾಲ್ ಹಿಡಿದು, ಗೋಡೆಯುದ್ದದ ಬಟ್ಟೆಯ ಮೇಲೆ 'ಅರವತ್ತು ವಸಂತಗಳನ್ನು ಕಂಡ ನಮ್ಮಮ್ಮ' ಎಂದು ನನ್ನ ಕೈಯಲ್ಲೇ ಬರೆಸಿದ. ತನಗೆ ಇಷ್ಟೊಂದು ಬಂದಿದ್ದವೆಂದು ಅವತ್ತೇ ತಿಳಿದವಳಂತೆ ತಂಗಿ ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ಕೇಕ್ ಕತ್ತರಿಸಿದ ಚಾಕು ಇನ್ನೂ ಕೈಯಲ್ಲಿರುವಾಗಲೇ, ತನ್ನ ಅಂಗಡಿಯೆದುರಿನ ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿ ಮಾಡುವ, ಹೆಂಡತಿಯನ್ನು ಕಳೆದುಕೊಂಡ ಒಬ್ಬರನ್ನು ಮದುವೆಯಾಗುತ್ತಿದ್ದೇನೆ ಎಂದು ತಣ್ಣಗೆ ಹೇಳಿಬಿಟ್ಟಳು.

ಮಹಾಶಯರೇ, ಅರವತ್ತನ್ನು ಒಂದೇ ಕಂತಿನಲ್ಲಿ ದಯಪಾಲಿಸಿದ ಮಂದಿ ಅರವತ್ತೊಂದನೆಯದಕ್ಕೆ ಬಾಗಿಲು ಹಾಕಿಕೊಂಡರು. "ಅತ್ತೆಗೆ ಈಗ ಚಿಗುರಿದೆ ನೋಡಿ" ಎಂದು ಸೊಸೆ ನಕ್ಕಳು. "ಈ ವಯಸ್ಸಲ್ಲಿ ಇದೆಲ್ಲಾ ಬೇಕೇನಮ್ಮಾ? ಜನ ಏನಂತಾರೆ?" ಎಂದ ಮಗ. "ಜನರ ಅಳತೆ ತಗೊಂಡೂ ತಗೊಂಡೂ ಸಾಕಾಗಿದೆ ಕಣೋ, ಈಗ ನನ್ನ ಅಳತೆಗೂ ಒಂದು ಹೊಲ್ಕೋತೀನಿ" ಎಂದಳು ಅವಳು. ಅವತ್ತಿನಿಂದ ಮಗ ಅಮ್ಮನ ಫೋನ್ ಎತ್ತಿಲ್ಲ. ಜನಕ್ಕೆ ಹೆದರದ ನನ್ನ ತಂಗಿ ಇದೊಂದಕ್ಕೆ ಸೊರಗಿದ್ದಾಳೆ. ಹೊಲಿಗೆಯ ಮಧ್ಯೆ ಕಾಲು ನಿಲ್ಲಿಸಿ, ಸದ್ದು ಮಾಡದ ಫೋನನ್ನು ಎತ್ತಿ ನೋಡುತ್ತಾಳೆ.

ಆದ್ದರಿಂದ ತಾವು ಕೃಪೆಯಿಟ್ಟು, ಒಂದೋ ಆ ಅರವತ್ತನ್ನೂ ವಾಪಸು ಪಡೆದು, ಅವುಗಳಲ್ಲಿ ಎಷ್ಟು ನಿಜವಾಗಿಯೂ ಅವಳ ಕಿಟಕಿಯೊಳಗೆ ಇಣುಕಿದ್ದವೆಂದು ತಿಳಿಸಬೇಕು. ಇಲ್ಲವೇ ತಮ್ಮ ಹೆಸರನ್ನು ಬಟ್ಟೆಯ ಮೇಲೆ ಬರೆಸುವವರಿಂದ, ಬರೆಸಿದ್ದನ್ನು ಕೊಟ್ಟೇ ತೀರುತ್ತೇವೆಂದು ಮುಚ್ಚಳಿಕೆ ಪಡೆಯಬೇಕು. ಎರಡೂ ಆಗದಿದ್ದಲ್ಲಿ, ಗುರುವಾರ ಬೆಳಿಗ್ಗೆ ಮದುವೆ ನೋಂದಣಿ ಕಚೇರಿಗೆ ತಾವೇ ದಯಮಾಡಿಸಿ ಸಾಕ್ಷಿ ಹಾಕಬೇಕು. ಅಲ್ಲಿ ಮೂವರ ಸಾಕ್ಷಿ ಬೇಕಂತೆ; ಒಂದು ಸಹಿ ನನ್ನದು, ಒಂದು ಗಡಿಯಾರದವರ ಮಗಳದು. ಮೂರನೆಯ ಜಾಗವನ್ನು ತಂಗಿ ಯಾರಿಗೂ ಕೊಡದೆ ಇಟ್ಟುಕೊಂಡು ಕೂತಿದ್ದಾಳೆ. ಗುರುತಿನ ಚೀಟಿ ಮರೆಯಬೇಡಿ. ಅಲ್ಲಿನ ಗುಮಾಸ್ತರು ಹೂವು ತೋರಿಸಿದರೆ ಒಪ್ಪುವ ಪೈಕಿಯಲ್ಲ.

ಇಂತು, ಉತ್ತರದ ಆಸೆಯಿಲ್ಲದೆಯೂ ಕಾಯುವ
ತಮ್ಮ ವಿಶ್ವಾಸಿ,
ಮದುಮಗಳ ಅಣ್ಣ

ತಾ.ಕ.: ತಮ್ಮ ವಿಳಾಸ ಯಾರಿಗೂ ಗೊತ್ತಿಲ್ಲವಾದ್ದರಿಂದ ಈ ಪತ್ರವನ್ನು ಸೋದರಳಿಯನ ವಿಳಾಸಕ್ಕೇ ಹಾಕುತ್ತಿದ್ದೇನೆ. ಗುರುವಾರಕ್ಕೆಂದು ಅವನಮ್ಮ ಅವನಿಗೊಂದು ಅಂಗಿ ಹೊಲಿದಿದ್ದಾಳೆ; ಅಳತೆ ಕೇಳುವ ಪ್ರಮೇಯ ಅವಳಿಗೆ ಬರಲಿಲ್ಲ. ಅವನು ಬಾರದಿದ್ದರೆ ಗಡಿಯಾರದವರೇ ತೊಟ್ಟುಕೊಳ್ಳುತ್ತಾರಂತೆ. ತೋಳು ಉದ್ದವಾದೀತು, ಆದರೆ ಮಡಚಿಕೊಳ್ಳಲು ಅಭ್ಯಂತರವಿಲ್ಲ ಎಂದಿದ್ದಾರೆ.