ಸೊಟ್ಟ ಹೂದಾನಿ ಯಾರ ಕೈಕೆಲಸ

ನಾದಿನಿ: ನಮ್ಮಣ್ಣಂಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರ್ತಿರಲಿಲ್ಲ. ಅವನು ಹೂದಾನಿ ಮಾಡಿದ್ನಂತೆ. ಕೇಳಿಸ್ಕೊಳ್ಳಿ.

ನಾನು: ಮಾಡಿದ್ರು. ಮದುವೆ ದಿನ ನನ್ನ ಕೈಗೆ ಕೊಟ್ಟು, ನಾನೇ ಮಾಡಿದ್ದು ಅಂದ್ರು.

ನಾದಿನಿ: ಮದುವೆ ದಿನ ಗಂಡಸರು ಏನೇನೋ ಅಂತಾರೆ.

ಹಳೆಯ ಮಣ್ಣಿನ ಸಾಮಾನು ಇಡುವ ಅಂಗಡಿಯಲ್ಲಿ ನಿಂತಿದ್ದೆವು. ನನ್ನ ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ತಂಗಿ ನನಗೆ ಸಮಾಧಾನ ಹೇಳಲು ಬಂದಳು. ಸಮಾಧಾನ ಹೇಳುತ್ತಾ ಹೂದಾನಿ ಮೇಲೆ ಕಣ್ಣಿಟ್ಟಳು. ಅದು ನಮ್ಮಮ್ಮನದು, ಅಮ್ಮನ ಸಾಮಾನು ಮಗಳಿಗೆ ಬರಬೇಕು ಎಂದಳು. ಗಂಡ ಮಾಡಿದ್ದು, ಹೆಂಡತಿಗೇ ಸೇರಬೇಕು ಎಂದೆ ನಾನು. ಮಾಡಿದವರು ಯಾರು ಎಂದು ತಿಳಿದವರೇ ಹೇಳಲಿ ಎಂದು ಇಲ್ಲಿಗೆ ಬಂದೆವು. ಬಸ್ಸಿನಲ್ಲಿ ಹೂದಾನಿ ನನ್ನ ತೊಡೆಯ ಮೇಲಿತ್ತು. ಅವಳ ಕೈ ಹೂದಾನಿಯ ಮೇಲಿತ್ತು.

ಅಂಗಡಿಯವರಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಎರಡನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು.

ಅಂಗಡಿಯವರು: ಮೆರುಗು ಚೆನ್ನಾಗಿದೆ. ಈ ಹಸಿರು ಸುಮ್ನೆ ಬರಲ್ಲ. ಪಳಗಿದ ಕೈ ಇದು.

ನಾದಿನಿ: ಕೇಳಿಸ್ತಾ ಅತ್ತಿಗೆ? ಪಳಗಿದ ಕೈ. ನಮ್ಮಣ್ಣನ ಕೈ ಪಳಗಿದ್ದು ಇಸ್ಪೀಟಲ್ಲಿ ಮಾತ್ರ.

ನಾನು: ಏನು ಚೆನ್ನಾಗಿದೆ ಇದ್ರಲ್ಲಿ? ಕತ್ತು ನೋಡಿ. ಸೊಟ್ಟ. ಹೂವಿಟ್ರೆ ಎಲ್ಲಾ ಒಂದೇ ಕಡೆ ವಾಲ್ತವೆ, ಪಕ್ಕದ ಮನೆ ಜಗಳ ಕೇಳೋರ ಥರ.

ನಾದಿನಿ: ಇಷ್ಟು ವರ್ಷ ಒರೆಸಿ ಒರೆಸಿ ಇಟ್ಕೊಂಡಿದ್ದೆ. ಈಗ ಸೊಟ್ಟ ಆಯ್ತಾ?

ನಾನು: ಆಗಲೂ ಸೊಟ್ಟನೇ. ಬಾಯಿ ಮುಚ್ಕೊಂಡು ಒರೆಸ್ತಿದ್ದೆ.

ಅಂಗಡಿಯವರು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ ನಮ್ಮಿಬ್ಬರನ್ನೂ ನೋಡಿದರು.

ಅಂಗಡಿಯವರು: ಇಲ್ಲಿಗೆ ಬರೋರೆಲ್ಲ ತಮ್ಮ ಸಾಮಾನು ಹೊಗಳ್ತಾರಮ್ಮ. ನೀವು ಬೈತಾ ಇದೀರಿ, ಆದ್ರೆ ನಿಮಗೇ ಬೇಕು ಅಂತೀರಿ.

ನಾನು: ಚೆನ್ನಾಗಿದ್ರೆ ಅದು ಅವರು ಮಾಡಿದ್ದಲ್ಲ ಅಂತಾಗುತ್ತಲ್ಲ. ಅದಕ್ಕೆ.

ಅಂಗಡಿಯವರು: ಕತ್ತು ವಾಲಿರೋದು ನಿಜ.

ನಾನು: ಬರ್ಕೊಳ್ಳಿ. ಅವರು ಹಾಗೇನೇ. ಶುರು ಮಾಡೋದು ಜೋರಾಗಿ, ಮೇಲೆ ಹೋಗ್ತಾ ಹೋಗ್ತಾ ವಾಲೋದು. ನಮ್ಮ ಅಡುಗೆಮನೆ ಹಲಗೆ ಬಂದು ನೋಡಿ.

ನಾದಿನಿ: ಆ ಹಲಗೆ ನಾನೂ ನೋಡಿದೀನಿ. ನಿಂಬೆಹಣ್ಣಿಟ್ರೆ ಉರುಳ್ಕೊಂಡು ನಡುಮನೆಗೆ ಬರುತ್ತೆ. ಇದು ನೋಡಿ, ಕಲ್ಲಿನ ಹಾಗೆ ನಿಂತಿದೆ. ಅವನು ಮಾಡಿದ್ದು ಯಾವುದು ನಿಂತಿದೆ ಹೇಳು?

ನಾನು: ಮಾತು ನೋಡ್ಕೊಂಡು ಆಡು.

ನಾದಿನಿ: ನೀನೇ ಶುರು ಮಾಡಿದ್ದು.

ನಾನು: ನಾನು ಹೆಂಡತಿ. ಅನ್ನಬಹುದು.

ನಾದಿನಿ: ನಾನು ತಂಗಿ. ನಿನಗಿಂತ ಮುಂಚೆಯಿಂದ ಅಂತಾ ಇದೀನಿ.

ಅಂಗಡಿಯವರು: ಇಬ್ರೂ ಹೂದಾನಿ ಬಿಟ್ಟು ಜಗಳ ಆಡಿ.

ಆಗಲೇ ನೋಡಿದೆ, ನಾನು ಅದರ ಕತ್ತು ಹಿಡಿದಿದ್ದೆ, ಅವಳು ಹೊಟ್ಟೆ ಹಿಡಿದಿದ್ದಳು. ಇಬ್ಬರೂ ಬಿಟ್ಟೆವು.

ಅಂಗಡಿಯವರು: ನಿಮ್ಮಮ್ಮನದು ಅಂತೀರಲ್ಲ, ನೋಡಿದ ನೆನಪಿದೆಯಾ?

ನಾದಿನಿ: ಚೆನ್ನಾಗಿದೆ. ಕಿಟಕಿ ಹತ್ರ ಇಟ್ಟಿರ್ತಿದ್ಲು. ನಾನು ಒಳಗೆ ಬಳಪ ಬಚ್ಚಿಡ್ತಿದ್ದೆ.

ನಾನು: ಹೋದ ಸಲ ಬೀರು ಮೇಲಿತ್ತು ಅಂದೆ. ಬಸ್ಸಲ್ಲಿ ಬರ್ತಾ ಮಂಚದ ಪಕ್ಕ ಅಂದೆ.

ನಾದಿನಿ: ಅಮ್ಮ ಸಾಮಾನಿನ ಜಾಗ ಬದಲಾಯಿಸ್ತಾ ಇದ್ಲು.

ನಾನು: ಸತ್ತ ಮೇಲೂ ಬದಲಾಯಿಸ್ತಾ ಇದಾರೆ.

ಅಂಗಡಿಯವರು ಹೂದಾನಿಯನ್ನು ಮಗುವಿನ ಹಾಗೆ ಬೋರಲು ಹಾಕಿದರು. ತಳದಲ್ಲಿ ಒಂದು ಗೀರು. ಸೊನ್ನೆ, ಅದಕ್ಕೊಂದು ಬಾಲ.

ನಾನು: ಅದೇ. ಅದು ಅವರ ಸಹಿ. ಬ್ಯಾಂಕಿನಲ್ಲೂ ಹಾಗೇ ಹಾಕ್ತಿದ್ರು. ಅಲ್ಲಿಯ ಗುಮಾಸ್ತ, ಇದೇನು ಇಲಿನಾ ಅಂತ ಕೇಳಿದ್ದ.

ನಾದಿನಿ: ಆಮೇಲೆ ಮೊಳೆ ತಗೊಂಡು ಗೀರಿರ್ತಾನೆ. ಬೇರೆಯವರ ಸೈಕಲ್ಲಿಗೂ ತನ್ನ ಹೆಸರು ಬರೆದೋನು ಅವನು.

ಅಂಗಡಿಯವರು: ಇಲ್ಲ. ಇದು ಹಸಿ ಮಣ್ಣಲ್ಲಿ ಗೀರಿದ್ದು. ಅಂಚು ಉಬ್ಬಿದೆ, ಮುಟ್ಟಿ ನೋಡಿ. ಬೇಯಿಸೋ ಗೂಡಿಗೆ ಹೋಗೋಕೆ ಮುಂಚಿನ ಗೀರು.

ಮುಟ್ಟಿದೆ. ಬೆರಳಿಗೆ ಸಿಕ್ಕಿತು. ನಾನು ಗೆದ್ದೆ ಎಂದುಕೊಂಡೆ. ನಾದಿನಿ ಬಾಗಿಲ ಕಡೆ ನೋಡುತ್ತಾ ನಿಂತಳು.

ಅಂಗಡಿಯವರು ಒಳಗೆ ಹೋದರು. ಬರುವಾಗ ಎರಡು ಕಂಕುಳಲ್ಲಿ ಎರಡು ಹೂದಾನಿ. ಅದೇ ಹಸಿರು. ಅದೇ ಸೊಟ್ಟ ಕತ್ತು. ಮೂರನ್ನೂ ಸಾಲಾಗಿ ಬೋರಲು ಹಾಕಿದರು. ಒಂದರ ತಳದಲ್ಲಿ ಮೀನು ಗೀರಿತ್ತು. ಇನ್ನೊಂದರಲ್ಲಿ ಬರೀ ಗೆರೆಗಳು.

ಅಂಗಡಿಯವರು: ಮೂರೂ ಒಂದೇ ಕೈ. ನದಿ ದಂಡೇಲಿ ಒಬ್ಬ ಹೆಂಗಸು ಮಾಡ್ತಿದ್ದಿದ್ದು. ತನ್ನ ಗುರುತು ಎಲ್ಲೂ ಹಾಕ್ತಿರಲಿಲ್ಲ. ತಗೊಳ್ಳೋಕೆ ಬಂದೋರ ಕೈಲೇ ಹಸಿ ತಳದ ಮೇಲೆ ಗೀರಿಸಿ, ಆಮೇಲೆ ಬೇಯಿಸಿ ಕೊಡ್ತಿದ್ಲು. ಯಾರ ಮನೇಲಿರುತ್ತೋ ಅವರ ಗುರುತೇ ಇರಲಿ ಅನ್ನೋಳು. ಕತ್ತು ಇಷ್ಟೇ ವಾಲಿ, ತಳದ ಗುರುತು ಒಂದರ ಹಾಗೆ ಇನ್ನೊಂದು ಇಲ್ಲ ಅಂದ್ರೆ ಅದು ಅವಳದ್ದೇ.

ನಾನು: ಹೆಂಗಸಾ?

ನಾದಿನಿಯ ಮುಖಕ್ಕೆ ಕಳೆ ಬಂತು.

ನಾದಿನಿ: ಹೆಂಗಸಂತೆ ಅತ್ತಿಗೆ. ಮದುವೆಗೆ ಮುಂಚೆ ಹೋಗಿ ಕೂತು ಮಾಡಿಸ್ಕೊಂಡು ಬಂದಿದಾನೆ.

ನಾನು: ಅವಳಿಗೆ ವಯಸ್ಸೆಷ್ಟು?

ಅಂಗಡಿಯವರು: ಆಗಲೇ ಎಪ್ಪತ್ತು ದಾಟಿತ್ತು.

ನಾನು: ಹಾಗಾದ್ರೆ ಮುಂದೆ ಹೇಳಿ.

ಅಂಗಡಿಯವರು: ಮುಂದೇನಿದೆ? ದೊಡ್ಡ ನೆರೆ ಬಂತಲ್ಲ, ಆಗ ಅವಳ ಗುಡಿಸಲು, ಗೂಡು ಎರಡೂ ಕೊಚ್ಕೊಂಡು ಹೋಯ್ತು. ಹೊಸ ಗೂಡು ಕಟ್ಟಿದ್ಲು. ಈ ಹಸಿರು ಬಂದಿದ್ದು ಆ ಗೂಡಲ್ಲಿ.

ನಾದಿನಿ: ನೆರೆ ಆದ ಮೇಲಾ?

ಅಂಗಡಿಯವರು: ಆದ ಮೇಲೇ.

ನಾದಿನಿ ಸೆರಗಿನ ತುದಿ ಸುತ್ತಿದಳು. ನನ್ನ ಅತ್ತೆ ತೀರಿಕೊಂಡದ್ದು ನೆರೆಗೆ ಮುಂಚೆ. ನಾನು ಅವರ ಮುಖವನ್ನೇ ನೋಡಿಲ್ಲ. ಇದು ನಾದಿನಿಗೂ ಗೊತ್ತು, ನನಗೂ ಗೊತ್ತು.

ನಾನು: ಬಳಪ ಯಾವುದರಲ್ಲಿ ಬಚ್ಚಿಟ್ಟಿದ್ದೆ?

ನಾದಿನಿ: ಯಾವುದೋ ಒಂದರಲ್ಲಿ. ಅಮ್ಮಂದು ಅಂತ ನನ್ನ ಹತ್ರ ಒಂದು ಚಮಚ ಕೂಡ ಇಲ್ಲ. ಇದಾದ್ರೂ ಇರಲಿ ಅಂತ ಆಸೆ ಪಟ್ಟೆ.

ಅಂಗಡಿಯವರು ಹಳೆಯ ಪೇಪರ್ ತಂದು ಹೂದಾನಿಗೆ ಸುತ್ತಿದರು. ಯಾರ ಕೈಗೆ ಕೊಡಬೇಕೆಂದು ಗೊತ್ತಾಗದೆ ಮೇಜಿನ ಮೇಲಿಟ್ಟರು. ನಾನು ಎತ್ತಿಕೊಂಡೆ. ನಾದಿನಿ ತಡೆಯಲಿಲ್ಲ. ಸುಮ್ಮನಿರುವ ಜಾತಿಯೂ ಅಲ್ಲ ಅವಳು.

ನಾದಿನಿ: ನಂದಲ್ಲ, ಒಪ್ಕೊಂಡೆ. ಅವನು ಮಾಡಿದ್ದೂ ಅಲ್ಲ. ಅದನ್ನ ನೀನೂ ಒಪ್ಕೋ.

ನಾನು: ಒಪ್ಕೊಂಡೆ.

ನಾದಿನಿ: ಯಾರೋ ಮುದುಕಿ ಮಾಡಿದ್ದು. ಇವನು ಮಾಡಿದ್ದು ಒಂದು ಇಲಿ. ಮನೆಗೆ ತಂದು, ಪೂರ್ತಿ ನಾನೇ ಮಾಡ್ದೆ ಅಂದ. ನೀನು ನಂಬಿ ಸಂಸಾರ ಮಾಡಿದೆ.

ನಾನು: ಹೂಂ.

ನಾದಿನಿ: ಸಾಯೋವರೆಗೂ ಬಾಯಿ ಬಿಡಲಿಲ್ಲ. ಸಿಟ್ಟು ಬರಲ್ವಾ ನಿಂಗೆ?

ನಾನು: ಬರುತ್ತೆ. ತುಂಬಾ ಬರುತ್ತೆ.

ನಾದಿನಿ: ಮತ್ತೆ ಯಾಕೆ ಹಾಗೆ ಅವಚ್ಕೊಂಡಿದೀಯ? ಇಲ್ಲೇ ಬಿಟ್ಟು ಬಾ.

ನಾನು: ಬಿಟ್ಟು ಬಂದು? ಮನೆಗೆ ಹೋಗಿ ಗೋಡೆಗೆ ಬೈಯಲಾ?